ಡಬಲ್ ಬೇಸ್: ಎಡಗೈ ಹೆಬ್ಬೆರಳು ನೋವು, ಶ್ರುತಿ ನಿಲ್ಲಲ್ಲ, ಕಮಾನು ಕೀರಲು. ಮೊದಲು ಯಾವುದನ್ನು ತಿದ್ದಬೇಕು?

ಒಂಟಿಕೊಪ್ಪಲ್_ಪಿಟೀಲು (ಪ್ರಶ್ನೆ)

ನಮಸ್ಕಾರ. ಕರ್ನಾಟಕ ಸಂಗೀತದ ಪಿಟೀಲು ಬರುತ್ತೆ. ಈಗ ಒಂದು ಕಾಯಿರ್ ಜೊತೆ ನುಡಿಸೋಕೆ ಡಬಲ್ ಬೇಸ್ (ಪಿಟೀಲಿನ ಜಾತಿಯ ದೊಡ್ಡ, ತಗ್ಗು ನಾದದ ವಾದ್ಯ) ಹಿಡಿದಿದ್ದೇನೆ. 3/4 ಅಳತೆ, ಪ್ಲೈವುಡ್ ಮೈ, ಉಕ್ಕಿನ ತಂತಿ (ತಗ್ಗಿನಿಂದ ಇ, ಎ, ಡಿ, ಜಿ), ಫ್ರೆಂಚ್ ಕಮಾನು (ಪಿಟೀಲಿನದರಂತೆ ಮೇಲಿಂದ ಹಿಡಿಯುವಂಥದ್ದು). ನಟ್‌ನಿಂದ (ಕತ್ತಿನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕುದುರೆವರೆಗೆ (ತಂತಿ ಎತ್ತಿಹಿಡಿಯುವ ಬ್ರಿಡ್ಜ್) ತಂತಿ ಉದ್ದ 106 ಸೆಂ.ಮೀ. ನಿಂತು ನುಡಿಸುತ್ತೇನೆ. ಮೈಸೂರಿನಲ್ಲಿ ಪಿಟೀಲಿಗೆ ಬೀದಿಗೊಬ್ಬ ಮೇಷ್ಟ್ರು ಸಿಗ್ತಾರೆ, ಇದಕ್ಕೆ ಸಿಗಲಿಲ್ಲ. ಅದಕ್ಕೇ ಇಲ್ಲಿ ಕೇಳ್ತಿದ್ದೀನಿ.

ಹತ್ತು ನಿಮಿಷ ನುಡಿಸುವಷ್ಟರಲ್ಲಿ ಎಡಗೈ ಹೆಬ್ಬೆರಳಿನ ಬುಡ ಹಿಡಿದುಕೊಳ್ಳುತ್ತೆ. ಜಿ ತಂತಿಯಲ್ಲಿ ಎ ಸರಿ ಬರುತ್ತೆ, ಬಿ ಯಾವಾಗಲೂ ಇಳಿದಿರುತ್ತೆ. ಕಮಾನು ಹಾಕಿದರೆ ಇ ತಂತಿ ಮೊದಲು ಗೊರಗೊರ ಅಂದು ಆಮೇಲೆ ಸ್ವರ ಹಿಡಿಯುತ್ತೆ, ಜಿ ತಂತಿ ಕೀರಲು. ಬೆರಳಲ್ಲಿ ಮೀಟಿದರೆ ನಾದ ತೆಳ್ಳಗೆ, ಬೇಗ ಸತ್ತುಹೋಗುತ್ತೆ. ಯಾವುದರಿಂದ ಶುರು ಮಾಡಲಿ?

ಮಂದ್ರಸ್ಥಾಯಿ

ಕೈ ಆಮೇಲೆ ನೋಡೋಣ, ಮೊದಲು ವಾದ್ಯ ನಿಂತಿರುವ ರೀತಿ ನೋಡಿ. ನುಡಿಸುವ ಹಾಗೇ ನಿಂತು ಎರಡೂ ಕೈ ಬಿಟ್ಟುಬಿಡಿ. ಬೇಸ್ ನಿಮ್ಮ ಮೈಗೆ ಒರಗಿ ತನ್ನಷ್ಟಕ್ಕೆ ನಿಲ್ಲಬೇಕು. ಮುಂದಕ್ಕೋ ಪಕ್ಕಕ್ಕೋ ವಾಲಿದರೆ, ಇಷ್ಟು ದಿನ ಅದನ್ನು ಹೊತ್ತಿರುವುದು ನಿಮ್ಮ ಎಡಗೈ ಹೆಬ್ಬೆರಳು. ತಂತಿ ಒತ್ತುವ ಕೆಲಸದ ಜೊತೆಗೆ ವಾದ್ಯ ಹೊರುವ ಕೆಲಸವೂ ಅದರ ತಲೆಗೇ ಬಿದ್ದರೆ ನೋಯದೆ ಇನ್ನೇನಾಗುತ್ತೆ?

ಎಂಡ್‌ಪಿನ್ (ವಾದ್ಯದ ಬುಡದಲ್ಲಿ ನೆಲಕ್ಕೂರುವ ಕಡ್ಡಿ) ಎತ್ತರ: ನೆಟ್ಟಗೆ ನಿಂತಾಗ ನಟ್ ಹುಬ್ಬಿಗೂ ಹಣೆಗೂ ನಡುವೆ ಬರುವ ಹಾಗೆ ಇಟ್ಟು ಶುರು ಮಾಡಿ. ಆಮೇಲೆ ಕಮಾನಿನ ಕಡೆಯಿಂದ ಪರೀಕ್ಷಿಸಿ. ಬಲಗೈ ಸಡಿಲವಾಗಿ ಇಳಿಬಿಟ್ಟಾಗ ಕಮಾನು ಕುದುರೆಗೂ ಫಿಂಗರ್‌ಬೋರ್ಡ್ (ಬೆರಳೊತ್ತುವ ಹಲಗೆ) ತುದಿಗೂ ಮಧ್ಯದಲ್ಲಿ ತಂತಿ ಮುಟ್ಟಬೇಕು. ಅದಕ್ಕಾಗಿ ಸೊಂಟ ಬಗ್ಗಿಸಬೇಕಾಗಿ ಬಂದರೆ ಪಿನ್ ಸಾಲದು. ಎರಡು ಅಳತೆ ಒಂದಕ್ಕೊಂದು ಹೊಂದದಿದ್ದರೆ ಕಮಾನಿನ ಅಳತೆಯನ್ನೇ ನಂಬಿ. ಪಿನ್ನಿನ ತುದಿ ಎಡಪಾದದಿಂದ ಒಂದೂವರೆ ಅಡಿಯಷ್ಟು ಮುಂದಿರಲಿ. ವಾದ್ಯದ ಹಿಂಬದಿಯ ಮೇಲಂಚು ನಿಮ್ಮ ಎಡ ಸೊಂಟದ ಒಳಬದಿಗೆ ಒರಗಲಿ, ಎಡ ಮಂಡಿ ಹಿಂಬದಿಗೆ ತಾಗಿಯೂ ತಾಗದ ಹಾಗಿರಲಿ. ವಾದ್ಯ ಪೂರ್ತಿ ಎದುರಿಗೆ ಮುಖ ಮಾಡದೆ ಸ್ವಲ್ಪ ಬಲಕ್ಕೆ ತಿರುಗಿರಲಿ.

ನೆಲವನ್ನೂ ನೋಡಿ. ನಮ್ಮೂರ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ, ಹೊಸ ಮನೆಗಳ ವಿಟ್ರಿಫೈಡ್ ಟೈಲ್ಸ್, ಎರಡೂ ಜಾರುತ್ತವೆ. ಪಿನ್ನಿನ ರಬ್ಬರ್ ಬುಡಕ್ಕೆ ದೂಳು ಕೂತ ಮೇಲಂತೂ ಕೇಳಬೇಡಿ. ಪಿನ್ ಅರ್ಧ ಇಂಚು ಜಾರಿದರೂ ಎಡಗೈ ತನಗೇ ಗೊತ್ತಿಲ್ಲದಂತೆ ವಾದ್ಯದ ಕತ್ತನ್ನು ಬಿಗಿಯಾಗಿ ಹಿಡಿಯುತ್ತೆ. ಲಾರಿ ಟ್ಯೂಬಿನ ಒಂದು ಅಂಗೈಯಗಲದ ತುಂಡನ್ನು ಒರಟು ಬದಿ ಕೆಳಗೆ ಮಾಡಿ ಪಿನ್ನಿನಡಿ ಹಾಕಿ. ಪಿನ್ ಜಾರದಂತೆ ಹಿಡಿಯಲು ದುಡ್ಡು ಕೊಟ್ಟು ತಂದ ಆ್ಯಂಕರ್‌ಗಿಂತ ಕಡಿಮೆಯೇನಲ್ಲ.

ಇನ್ನು ಎಡಗೈ. ನಿಮ್ಮ ವಾದ್ಯದಲ್ಲಿ ಜಿ ತಂತಿಯ ಎ ನಟ್‌ನಿಂದ 11.6 ಸೆಂ.ಮೀ., ಬಿ 21.9 ಸೆಂ.ಮೀ. ನಡುವೆ 10.3. ಪಿಟೀಲಿನಲ್ಲಿ ಇದೇ ಅಂತರ 3.2 ಸೆಂ.ಮೀ. ಆಸುಪಾಸು. ಪಿಟೀಲಿನವರು ಎರಡನೇ ಬೆರಳಲ್ಲೋ ಮೂರನೆಯದರಲ್ಲೋ (ಎಣಿಕೆ ತೋರುಬೆರಳಿನಿಂದ) ಬಿ ಹುಡುಕುತ್ತಾರೆ, ಅದು ಎಟುಕುವುದಿಲ್ಲ, ಸ್ವರ ಇಳಿಯುತ್ತೆ. ಬೇಸ್‌ನ ಕೆಳಗಿನ ಪೊಸಿಷನ್‌ಗಳಲ್ಲಿ ರೂಢಿಯಲ್ಲಿರುವುದು ಸಿಮಾಂಡ್ಲ್ ಎಂಬ ಬೇಸ್ ಶಿಕ್ಷಕರ ಪದ್ಧತಿಯ 1-2-4 ಬೆರಳುಗಳು. ಒಂದರಿಂದ ಎರಡಕ್ಕೆ ಅರ್ಧ ಸ್ವರ, ಎರಡರಿಂದ ನಾಲ್ಕಕ್ಕೆ ಅರ್ಧ ಸ್ವರ. ಮೂರನೇ ಬೆರಳು ಸ್ವರ ನುಡಿಸುವುದಿಲ್ಲ, ಆದರೆ ನಾಲ್ಕರ ಜೊತೆ ಅದೂ ತಂತಿ ಮೇಲೆ ಕೂರಬೇಕು. ಬರೀ ಕಿರುಬೆರಳಿಂದ ಒತ್ತಿದರೆ ಅದರ ಗಂಟು ಒಳಕ್ಕೆ ಮಡಚಿ, ತುದಿ ನಟ್ ಕಡೆ ಹಿಂದೆ ಸರಿಯುತ್ತೆ. ನಿಮ್ಮ ಬಿ ಇಳಿಯುವುದಕ್ಕೆ ಇದೇ ಕಾರಣ ಇರಬೇಕು.

ಕೈ ದೊಡ್ಡ ಲೋಟ ಹಿಡಿದ ಆಕಾರದಲ್ಲಿರಲಿ. ಹೆಬ್ಬೆರಳು ಎರಡನೇ ಬೆರಳಿನ ನೇರ ಹಿಂದೆ, ನೆಟ್ಟಗೆ, ತುದಿಯ ಮೆತ್ತೆ ಮಾತ್ರ ಕತ್ತಿಗೆ ತಾಗಲಿ. ಮೊಣಕೈ ಪಕ್ಕೆಗೆ ಅಂಟಬಾರದು. ಅಂಟಿದರೆ ಮಣಿಕಟ್ಟು ಮುರಿದ ಹಾಗೆ ಬಾಗುತ್ತೆ, ಬೆರಳಿಗೆ ಬಲ ಬರುವುದಿಲ್ಲ. ಹೆಬ್ಬೆರಳನ್ನು ಕತ್ತಿನಿಂದ ತೆಗೆದು, ತೋಳಿನ ಭಾರವನ್ನು ಹಿಂದಕ್ಕೆ ನೇತುಬಿಟ್ಟು ಎ-ಬಿ ನುಡಿಸಿ ನೋಡಿ. ಸ್ವರ ಸ್ವಚ್ಛವಾಗಿ ಬಂದರೆ ಹೆಬ್ಬೆರಳಿಂದ ಹಿಸುಕುವ ಅಗತ್ಯವೇ ಇರಲಿಲ್ಲ ಎಂದು ಕೈಗೇ ಗೊತ್ತಾಗುತ್ತೆ.

ಪಿಟೀಲಿನವರ ಇನ್ನೊಂದು ಅಭ್ಯಾಸವೆಂದರೆ ಜಾರು. ಬೆರಳು ಮುಂದೆ ಹೋಗುತ್ತೆ, ಹೆಬ್ಬೆರಳು ಹಿಂದೆಯೇ ಉಳಿಯುತ್ತೆ. ಇಲ್ಲಿ ಹೆಬ್ಬೆರಳು, ಮಣಿಕಟ್ಟು, ಮೊಣಕೈ ಎಲ್ಲ ಒಟ್ಟಿಗೆ ಹೊರಡಬೇಕು. ಮೊದಲ ಬೆರಳನ್ನು ಎಯಿಂದ ಸಿಗೆ ಒಯ್ಯುವುದೆಂದರೆ 15 ಸೆಂ.ಮೀ. ಪಯಣ. ಒತ್ತಡ ಸಡಿಲಿಸಿ, ತಂತಿಯಿಂದ ಬೆರಳು ಎತ್ತದೆ ಸರಿದು, ಸೇರಿದ ಮೇಲೆ ಒತ್ತಿ.

ಬಿಲ್ಲುಗಾರ

ಎಡಗೈ ಬಗ್ಗೆ ಮಂದ್ರಸ್ಥಾಯಿಯವರು ಹೇಳಿದ್ದಾಯ್ತು, ನಾನು ಕಮಾನಿಗೆ ಬರ್ತೀನಿ.

ಮೊದಲು ರೋಸಿನ್, ಅಂದರೆ ಕಮಾನಿನ ಕೂದಲಿಗೆ ಹಚ್ಚುವ ರಾಳ. ಪಿಟೀಲಿನ ಗಟ್ಟಿ ರೋಸಿನ್ ಹಚ್ಚುತ್ತಿದ್ದರೆ ಮುಂದಿನ ಯಾವ ಮಾತೂ ಉಪಯೋಗಕ್ಕಿಲ್ಲ. ದಪ್ಪ ತಂತಿಯನ್ನು ಅದು ಹಿಡಿಯಲ್ಲ. ಬೇಸ್‌ಗೆ ಮೆತ್ತನೆಯ, ಅಂಟು ರೋಸಿನ್ ಬೇಕು. ಪಾಪ್ಸ್, ಕಾರ್ಲ್‌ಸನ್ ಇಂಥವು. ಪಿಟೀಲಿನ ಹಾಗೆ ಹಿಂದೆ-ಮುಂದೆ ಉಜ್ಜಬೇಡಿ. ಹಿಡಿಯಿಂದ ತುದಿಗೆ ಒಂದೇ ದಿಕ್ಕಿನಲ್ಲಿ ಮೂರೋ ನಾಲ್ಕೋ ಸಲ ಎಳೆದರೆ ಸಾಕು. ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟರೆ ಹರಿದು ಡಬ್ಬಿಯೆಲ್ಲ ರಾಡಿ.

ಗೊರಗೊರ ಯಾಕೆ? ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಮಾತ್ರ ಕಂಪಿಸುತ್ತೆ, ಎದ್ದು ಮಾತಾಡೋಕೆ ಸಮಯ ತಗೊಳ್ಳುತ್ತೆ. ಕಮಾನು ಓಡಿಸಿಕೊಂಡು ಬಂದು ತಂತಿಗೆ ತಾಗಿಸಿದರೆ ಅದು ಹಿಡಿಯುವ ಮೊದಲೇ ಕೂದಲು ಜಾರಿಹೋಗಿರುತ್ತೆ. ಮೊದಲು ಕಮಾನನ್ನು ತಂತಿ ಮೇಲೆ ಕೂರಿಸಿ. ಭಾರ ಇಳಿಬಿಟ್ಟು, ತಂತಿ ಕೂದಲಿಗೆ ಸಿಕ್ಕಿ ಸ್ವಲ್ಪ ಪಕ್ಕಕ್ಕೆ ಎಳೆದುಕೊಂಡಿದ್ದು ಬೆರಳಿಗೆ ಗೊತ್ತಾಗುವವರೆಗೆ ಕಾಯಿರಿ. ಆಮೇಲೆ ನಿಧಾನ ಎಳೆಯಿರಿ. ಜಾಗವೂ ಒಂದೇ ಅಲ್ಲ: ಜಿ ತಂತಿಗೆ ಕುದುರೆಯ ಕಡೆ ಸ್ವಲ್ಪ ಹತ್ತಿರ, ಇ ತಂತಿಗೆ ಅದಕ್ಕಿಂತ ದೂರ, ಫಿಂಗರ್‌ಬೋರ್ಡ್ ಕಡೆಗೆ.

ಜಿ ಕೀರುವುದು ಸಾಮಾನ್ಯವಾಗಿ ಕಮಾನು ಓರೆಯಾಗಿದ್ದಾಗ, ಅಥವಾ ಕುದುರೆ ಹತ್ತಿರ ಹಗುರವಾಗಿ, ಜೋರಾಗಿ ಎಳೆದಾಗ. ಪಕ್ಕದಲ್ಲಿ ಕನ್ನಡಿ ಇಟ್ಟು ನೋಡಿ. ಕಮಾನಿನ ತುದಿ ಹತ್ತಿರ ಬರುತ್ತಿದ್ದ ಹಾಗೆ ಕೈ ಬೆನ್ನ ಹಿಂದಕ್ಕೆ ಸುತ್ತಿಕೊಂಡು ಕಮಾನು ತಂತಿಗೆ ಲಂಬ ತಪ್ಪುತ್ತಿರುತ್ತೆ. ಮೊಣಕೈ ಬಿಚ್ಚಿ ಹೊರಕ್ಕೆ ಹೋಗಲಿ. ಮೊದಮೊದಲು ಕಮಾನಿನ ಮಧ್ಯದ ಒಂದಡಿ ಮಾತ್ರ ಬಳಸಿ, ನೇರ ಬಂದ ಮೇಲೆ ಉದ್ದ ಮಾಡಿಕೊಳ್ಳಿ.

ಫ್ರೆಂಚ್ ಹಿಡಿತ ಪಿಟೀಲಿನದಕ್ಕೆ ಹತ್ತಿರವಾದ್ದರಿಂದಲೇ ಒಂದು ಮೋಸ ಇದೆ. ಪಿಟೀಲಿನ ಕಮಾನು 60 ಗ್ರಾಂ ಆಸುಪಾಸು, ಬೇಸ್‌ದು ಅದರ ಎರಡರಷ್ಟಕ್ಕೂ ಹೆಚ್ಚು. ತೋರುಬೆರಳಿಂದ ಅದುಮುವ ಅಭ್ಯಾಸ ತಂದರೆ ಬಲಗೈ ಹೆಬ್ಬೆರಳೂ ನಿಮ್ಮ ಎಡಗೈದರ ದಾರಿ ಹಿಡಿಯುತ್ತೆ. ಭಾರ ಬೆನ್ನಿನಿಂದ, ತೋಳಿನಿಂದ ಇಳಿಯಬೇಕು. ಕೂದಲು ಮಧ್ಯದಲ್ಲಿ ಕಡ್ಡಿಯಿಂದ ಒಂದು ಸೆಂ.ಮೀ. ದೂರ ಇದ್ದರೆ ಸಾಕು, ಬಿಲ್ಲಿನ ಹಾಗೆ ಬಿಗಿಯಬೇಡಿ. ನುಡಿಸಿ ಆದ ಮೇಲೆ ಸಡಿಲಿಸಿ ಇಡಿ.

ಮಂಡ್ಯ_ಬೇಸ್‌ಮ್ಯಾನ್

ಇಷ್ಟೆಲ್ಲ ನಿಲ್ಲೋ ಲೆಕ್ಕ ಯಾಕೆ ಸಾರ್, 75 ಸೆಂ.ಮೀ. ಎತ್ತರದ ಸ್ಟೂಲ್ ತಗೊಳ್ಳಿ, ಕೂತ್ಕೊಂಡು ನುಡ್ಸಿ. ಎಡಗಾಲು ಸ್ಟೂಲಿನ ಅಡ್ಡಪಟ್ಟಿ ಮೇಲೆ, ಬಲಗಾಲು ನೆಲದ ಮೇಲೆ. ಬ್ಯಾಲೆನ್ಸ್ ಸಮಸ್ಯೆ ಅರ್ಧ ಅಲ್ಲೇ ಮುಗೀತು. ಪಿನ್ನು ಮಾತ್ರ ಇಳಿಸ್ಕೊಬೇಕು.

ಮೀಟೋದು: ಬೆರಳ ತುದಿಯಿಂದ ಕೊಕ್ಕೆ ಹಾಕಿ ಎಳೀಬೇಡಿ, ನಾದ ತೆಳ್ಳಗಾಗೋದು ಅದಕ್ಕೇ. ಬಲಗೈ ಹೆಬ್ಬೆರಳು ಫಿಂಗರ್‌ಬೋರ್ಡ್ ಅಂಚಿಗೆ ಊರಿ, ಬೋರ್ಡಿನ ತುದಿಗಿಂತ ನಾಲ್ಕು ಇಂಚು ಮೇಲೆ. ತೋರುಬೆರಳನ್ನ ತಂತಿ ಉದ್ದಕ್ಕೇ ಮಲಗ್ಸಿ, ಬೆರಳ ಪಕ್ಕದ ಮಾಂಸದಿಂದ, ತೋಳಿನ ಭಾರದಲ್ಲಿ ಎಳೀರಿ. ಬೆರಳು ಪಕ್ಕದ ತಂತಿ ಮೇಲೆ ಬಂದು ಕೂರ್ಬೇಕು. ನಾದ ಬೇಗ ಸಾಯೋದು ಬಲಗೈ ತಪ್ಪಲ್ಲ, ಎಡಗೈ ಬೇಗ ಬಿಡ್ತಾ ಇದೆ. ಮುಂದಿನ ಸ್ವರ ಮೀಟೋ ಕ್ಷಣದವರೆಗೂ ಹಿಂದಿನದನ್ನ ಒತ್ತಿ ಹಿಡೀರಿ. ಬೊಬ್ಬೆ ಬಂದ್ರೆ ಒಡೀಬೇಡಿ.

ಮಂದ್ರಸ್ಥಾಯಿ

ಕೂತು ನುಡಿಸಿದರೆ ತಪ್ಪಿಲ್ಲ, ವಾದ್ಯವೃಂದಗಳಲ್ಲಿ ಹೆಚ್ಚಿನವರು ಕೂತೇ ನುಡಿಸುತ್ತಾರೆ. ಆದರೆ ಸ್ಟೂಲ್ ತಂದ ಮಾತ್ರಕ್ಕೆ ಕೈ ಬಿಟ್ಟು ನೋಡುವ ಪರೀಕ್ಷೆ ತಪ್ಪುವುದಿಲ್ಲ. ಕೂತವರು ಎಡ ಮಂಡಿಯಿಂದ ವಾದ್ಯವನ್ನು ನೂಕಿ ಹಿಡಿಯುವುದೂ ಉಂಟು, ಆಗ ನೋವು ಸೊಂಟಕ್ಕೆ ಹೋಗಿ ಕೂರುತ್ತೆ.

ಒಂಟಿಕೊಪ್ಪಲ್_ಪಿಟೀಲು

ಎಲ್ಲರಿಗೂ ಧನ್ಯವಾದ. ಕೈ ಬಿಟ್ಟರೆ ಬೇಸ್ ಮುಂದಕ್ಕೆ ಹೊರಟಿತು, ಪಿನ್ ಟೈಲ್ಸ್ ಮೇಲೆ ಜಾರುತ್ತಿದೆ. ಹೆಬ್ಬೆರಳು ತೆಗೆದು ಎ-ಬಿ ನುಡಿಸೋಕೆ ಆಗ್ತಿಲ್ಲ, ತಂತಿ ಬೋರ್ಡಿಗೆ ಮುಟ್ಟೋದೇ ಇಲ್ಲ. ಫಿಂಗರ್‌ಬೋರ್ಡ್ ತುದಿಯಲ್ಲಿ ತಂತಿಯ ಎತ್ತರ ಅಳೆದೆ: ಜಿ 11 ಮಿ.ಮೀ., ಇ 14. ಕುದುರೆಗೆ ಎತ್ತರ ಹೊಂದಿಸಲು ತಿರುಗಿಸುವ ಚಕ್ರಗಳಿಲ್ಲ. ಇನ್ನೊಂದು ಪ್ರಶ್ನೆ, ಬೋರ್ಡಿನ ಮೇಲೆ ಸ್ಟಿಕ್ಕರ್ ಹಾಕಿಕೊಳ್ಳಲೇ?

ಬಿಲ್ಲುಗಾರ

11 ಮತ್ತು 14! ಹಾಗಾದರೆ ಹೆಬ್ಬೆರಳನ್ನು ಬೈದು ಫಲವಿಲ್ಲ. ಉಕ್ಕಿನ ತಂತಿಗೆ ಜಿ 5ರಿಂದ 6 ಮಿ.ಮೀ., ಇ 8ರಿಂದ 9 ಇದ್ದರೆ ಕಲಿಯುವವರಿಗೆ ಹಿತ. ನಟ್ ಹತ್ತಿರ ತಂತಿಯಡಿ ಒಂದು ವಿಸಿಟಿಂಗ್ ಕಾರ್ಡ್ ತೂರಬೇಕು. ಮೂರು ತೂರಿದರೆ ನಟ್ ಕೂಡ ಎತ್ತರ, ಮೊದಲ ಸ್ವರಗಳು ಒತ್ತುವಾಗಲೇ ಏರಿಬಿಡುತ್ತವೆ.

ಚಕ್ರ ಇಲ್ಲದಿದ್ದರೆ ಕುದುರೆಯ ಮೇಲಂಚನ್ನು ಕಡಿಮೆ ಮಾಡಿ ಅದರ ಬಾಗು ಮತ್ತೆ ಬರುವ ಹಾಗೆ ಕೆತ್ತಬೇಕು. ಬೇಸ್ ಕೆಲಸ ಗೊತ್ತಿರುವವರಿಗೇ ಕೊಡಿ, ಚಕ್ರವನ್ನೂ ಆಗಲೇ ಹಾಕಿಸಿಕೊಳ್ಳಿ. ನೀವೇ ಅರ ಹಿಡಿಯಬೇಡಿ. ನಟ್‌ನಲ್ಲಿ ತಂತಿ ಕೂರುವ ತೋಡು ಒಂದು ಕೂದಲಷ್ಟು ಆಳವಾದರೂ ಖಾಲಿ ತಂತಿ ಝರ್ ಅನ್ನುತ್ತೆ, ಆಮೇಲೆ ಹೊಸ ನಟ್ಟೇ ಗತಿ. ಯಾವ ಕಾರಣಕ್ಕೂ ನಾಲ್ಕೂ ತಂತಿ ಒಟ್ಟಿಗೆ ಸಡಿಲಿಸಬೇಡಿ. ಒಳಗಿನ ಸೌಂಡ್‌ಪೋಸ್ಟಿಗೆ (ಮುಂದಿನ, ಹಿಂದಿನ ಹಲಗೆಗಳ ನಡುವಿನ ಕಡ್ಡಿ) ಅಂಟು ಹಾಕಿರುವುದಿಲ್ಲ, ತಂತಿಗಳ ಒತ್ತಡದಿಂದಲೇ ನಿಂತಿರುತ್ತೆ, ಬಿದ್ದುಬಿಡುತ್ತೆ. ಕುದುರೆಯನ್ನು ಬಗ್ಗಿ ಪಕ್ಕದಿಂದಲೂ ನೋಡಿ. ಬಿರಡೆ ತಿರುಗಿಸಿ ತಿರುಗಿಸಿ ಅದರ ತಲೆ ಫಿಂಗರ್‌ಬೋರ್ಡ್ ಕಡೆ ವಾಲುತ್ತೆ. ಟೇಲ್‌ಪೀಸ್ (ತಂತಿಗಳ ಕೆಳತುದಿ ಸಿಕ್ಕಿಸುವ ತುಂಡು) ಕಡೆಯ ಮುಖ ವಾದ್ಯದ ಮೈಗೆ ಲಂಬವಾಗಿರಬೇಕು.

ಮಳೆಗಾಲದಲ್ಲಿ ಮರ ಉಬ್ಬಿ ತಂತಿ ಇನ್ನೂ ಏರುತ್ತೆ, ಬೇಸಿಗೆಯಲ್ಲಿ ಇಳಿಯುತ್ತೆ. ನಿಮ್ಮದು ಪ್ಲೈವುಡ್ ಆದ್ದರಿಂದ ಈ ಕಾಟ ಕಡಿಮೆ.

ಮಂದ್ರಸ್ಥಾಯಿ

ಸ್ಟಿಕ್ಕರ್ ಬೇಡ. ಕಣ್ಣು ಅದನ್ನೇ ಹುಡುಕುತ್ತೆ, ಕತ್ತು ಬಗ್ಗುತ್ತೆ, ನಿಲುವು ಮತ್ತೆ ಕೆಡುತ್ತೆ. ಪಿಟೀಲಿನ ಕಿವಿ ಇರುವವರಿಗೆ ಅದರ ಅಗತ್ಯವೂ ಇಲ್ಲ. ತಂಬೂರಿಯನ್ನು 2 ಮನೆ ಶ್ರುತಿಗೆ, ಅಂದರೆ ಡಿಗೆ ಇಟ್ಟು ಶಂಕರಾಭರಣ ಏರಿ. ಡಿ ತಂತಿಯಲ್ಲಿ ಖಾಲಿ, 1, 4. ಜಿ ತಂತಿಯಲ್ಲಿ ಖಾಲಿ, 1, 4, ಅಲ್ಲಿಂದ ಕೈ ಸರಿಸಿ 2, 4. ಗಮಕ ಬೇಡ, ಒಂದೊಂದು ಸ್ವರಕ್ಕೂ ಒಂದು ನಿಧಾನದ ಕಮಾನು.

ಸರಿಯೋ ತಪ್ಪೋ ವಾದ್ಯವೇ ಹೇಳುತ್ತೆ. ಡಿ ತಂತಿಯ ಇ ಸರಿ ಬಿದ್ದರೆ ಖಾಲಿ ಇ ತಂತಿ ತಾನಾಗಿ ಅನುರಣಿಸುತ್ತೆ. ಜಿ ತಂತಿಯ ಎಗೆ ಖಾಲಿ ಎ ತಂತಿ ಹಾಗೇ. ಮೇಲಿನ ಡಿ ತಲುಪಿದಾಗ ನಾಲ್ಕನೇ ಬೆರಳನ್ನು ತಂತಿಯಿಂದ ತೆಗೆಯದೆ ಒತ್ತಡ ಮಾತ್ರ ಬಿಡಿ. ಅದು ತಂತಿಯ ಮೂರನೇ ಒಂದು ಭಾಗ, ನಟ್‌ನಿಂದ 35.3 ಸೆಂ.ಮೀ. ಬೆರಳು ಸರಿಯಾದ ಜಾಗದಲ್ಲಿದ್ದರೆ ಒಂದು ಸ್ಥಾಯಿ ಮೇಲಿನ ಡಿ ಹಾರ್ಮೋನಿಕ್ ಆಗಿ ಸ್ವಚ್ಛವಾಗಿ ಕೇಳುತ್ತೆ. ಅರ್ಧ ಸೆಂ.ಮೀ. ತಪ್ಪಿದ್ದರೂ ಮಂಕಾಗುತ್ತೆ.

ಶ್ರುತಿ ಕೂಡಿಸುವಾಗಲೂ ಹಾರ್ಮೋನಿಕ್ ಬಳಸಿ, ಖಾಲಿ ತಂತಿಗಳ ತಗ್ಗು ನಾದದಲ್ಲಿ ಕಿವಿ ಮೋಸ ಹೋಗುತ್ತೆ. ಮೇಲಿನ ತಂತಿಯ ಮೂರನೇ ಒಂದು ಭಾಗದಲ್ಲೂ ಅದರ ಕೆಳಗಿನ ತಂತಿಯ ನಾಲ್ಕನೇ ಒಂದು ಭಾಗದಲ್ಲೂ ಹಗುರವಾಗಿ ಮುಟ್ಟಿದರೆ ಒಂದೇ ಸ್ವರ ಬರಬೇಕು. ಪಿಟೀಲಿನಲ್ಲಿ ಪಕ್ಕದ ತಂತಿಗಳ ನಡುವೆ ಪಂಚಮ, ಇಲ್ಲಿ ಮಧ್ಯಮ. ಕೈ ಹಳೇ ಅಂತರ ಹುಡುಕಿಕೊಂಡು ಹೋಗಿ ತಂತಿ ಕಿತ್ತೀತು, ಹುಷಾರು.

ಕುದುರೆ ಕೆತ್ತಿಸುವವರೆಗೆ ಎಡಗೈ ಅಭ್ಯಾಸವನ್ನು ಐದೈದು ನಿಮಿಷಕ್ಕೆ ನಿಲ್ಲಿಸಿ. ಉಳಿದ ಹೊತ್ತು ಖಾಲಿ ತಂತಿ ಮೇಲೆ ಕಮಾನು ಹಾಕಿ. ಬೆರಳು ಜುಮ್ಮೆಂದರೆ ಅಥವಾ ನೋವು ಮಾರನೇ ದಿನಕ್ಕೂ ಉಳಿದರೆ ನುಡಿಸುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಮಂಡ್ಯ_ಬೇಸ್‌ಮ್ಯಾನ್

ಕೆತ್ತೋಕೆ ಕೊಡೋವಾಗ ಕಮಾನನ್ನೂ ಜೊತೇಲಿ ತಗೊಂಡ್ಹೋಗಿ ಸಾರ್. ಮಧ್ಯದ ಎ, ಡಿ ತಂತಿಗಳ್ನ ಪಕ್ಕದ ತಂತಿ ತಾಗ್ದಂಗೆ ಒಂಟಿಯಾಗಿ ಎಳೆಯೋಕಾಗುತ್ತಾ ಅಂತ ಅಲ್ಲೇ ನೋಡ್ಕೊಂಡ್ಬನ್ನಿ. ಬರೀ ಎತ್ತರ ಇಳ್ಸಿ ಚಪ್ಪಟೆ ಮಾಡ್ಕೊಟ್ರೆ ಮೀಟೋಕೆ ಸರಿ, ಕಮಾನಿಗೆ ಮೂರು ತಂತಿ ಒಟ್ಟಿಗೆ ಸಿಕ್ಕಾಕ್ಕೊಳ್ತವೆ.