ಸಹಾಯ ಬೇಕು: ಸಸ್ಯಾಹಾರಿ ಅತ್ತೆ ಜೊತೆ ದಾವೋದಲ್ಲಿ 12 ದಿನ

ಎಲ್ಲರಿಗೂ ನಮಸ್ಕಾರ. ಮಗಳು ಫಿಲಿಪೈನ್ಸ್‌ನ ದಾವೋದಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ಮುಂದಿನ ವಾರ ನಾನು, ನಮ್ಮತ್ತೆ ಹೋಗುತ್ತಿದ್ದೇವೆ. (ದಾವಣಗೆರೆಯಿಂದ ದಾವೋಗೆ ಅಂತ ಮನೆಯಲ್ಲಿ ಎಲ್ಲರ ತಮಾಷೆ.) 14 ದಿನದೊಳಗಿನ ಪ್ರವಾಸಕ್ಕೆ ನಮಗೆ ವೀಸಾ ಬೇಡ, ರಿಟರ್ನ್ ಟಿಕೆಟ್ ಇರಬೇಕು ಅಂತ ಗೊತ್ತಾಗಿದೆ. ಹೋಗುವ ಮುಂಚೆ ಆನ್‌ಲೈನಲ್ಲಿ ತುಂಬಬೇಕಾದ ಇ-ಟ್ರಾವೆಲ್ ಫಾರ್ಮ್‌ಗೆ ದುಡ್ಡು ಕಟ್ಟಬೇಕಿಲ್ಲ ಅನ್ನುವುದು ಮಾತ್ರ ತಡವಾಗಿ ತಿಳಿಯಿತು. ಅಷ್ಟರಲ್ಲಿ ಯಾವುದೋ ನಕಲಿ ಸೈಟಿಗೆ ಸುಮ್ನೆ ಎರಡು ಸಾವಿರ ಕಟ್ಟಿಬಿಟ್ಟಿದ್ದೆ.

ದೊಡ್ಡ ಚಿಂತೆ ಊಟದ್ದು. ಅತ್ತೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಲ್ಲಿ ಪಿನಕ್‌ಬೆಟ್ ಅಂತ ಹಾಗಲ, ಬದನೆ, ಬೆಂಡೆ, ಕುಂಬಳ ಹಾಕಿದ ಪಲ್ಯ ಸಿಗುತ್ತದೆ ಅಂತ ಕೇಳಿ ಖುಷಿಯಾಗಿದ್ದೆ. ಆಮೇಲೆ ಮಗಳು ಹೇಳಿದಳು, ಅದಕ್ಕೆ ಹುದುಗಿಸಿದ ಸಿಗಡಿ ಬೆರೆಸುತ್ತಾರಂತೆ! 'ವಲಾಂಗ್ ಕಾರ್ನೆ, ವಲಾಂಗ್ ಇಸ್ದಾ' ಅಂದರೆ ಮಾಂಸ, ಮೀನು ಇರಬಾರದು ಎಂದು ಬಾಯಿಪಾಠ ಮಾಡಿಸಿದ್ದಾಳೆ. ಅಷ್ಟು ಹೇಳಿದರೆ ಸಾಕಾ, ಸಿಗಡಿಗೆ ಬೇರೆ ಹೇಳಬೇಕಾ?

ಚಟ್ನಿಪುಡಿ, ಅವಲಕ್ಕಿ ಜೊತೆ ಸಣ್ಣ ರೈಸ್ ಕುಕ್ಕರನ್ನೂ ಒಯ್ಯುವ ಯೋಚನೆ ಇದೆ. ಅಲ್ಲಿ ಎರಡು ಚಪ್ಪಟೆ ಪಿನ್ನಿನ ಸಾಕೆಟ್. ನಮ್ಮ ದಪ್ಪ ಮೂರು ಪಿನ್ನಿಗೆ ಕಾದು ಸುಡದ ಅಡಾಪ್ಟರ್ ಯಾವುದು? ಹೋಟೆಲಿನವರು ಕುಕ್ಕರ್ ಇಡಲು ಬಿಡುತ್ತಾರಾ?

ಜೀಪ್ನಿಯಲ್ಲಿ (ಅಲ್ಲಿನ ಉದ್ದನೆಯ ಜೀಪಿನಂಥ ಬಸ್ಸು) ದುಡ್ಡನ್ನು ಪಕ್ಕದವರ ಕೈಯಿಂದ ಕೈಗೆ ದಾಟಿಸಿ ಡ್ರೈವರಿಗೆ ಮುಟ್ಟಿಸಬೇಕಂತೆ, ಇಳಿಯುವಾಗ 'ಪಾರಾ' ಅನ್ನಬೇಕಂತೆ. ಚೆನ್ನಾಗಿದೆ. ಆದರೆ ಹಿಂದಿನಿಂದ ಬಗ್ಗಿ ಹತ್ತಬೇಕು, ಅತ್ತೆಗೆ ಮಂಡಿನೋವು ಜಾಸ್ತಿ. ಟ್ಯಾಕ್ಸಿಯೇ ವಾಸಿ ಅಲ್ವಾ?

ಅಲ್ಲಿ ಇದ್ದವರು, ಹೋಗಿ ಬಂದವರು ದಯವಿಟ್ಟು ತಿಳಿಸಿ. ಅತ್ತೆಗೆ ಡುರಿಯನ್ ಹಣ್ಣಿನ ರುಚಿ ನೋಡುವ ಆಸೆ ಬೇರೆ. ಅದರ ಗಾಢ ವಾಸನೆಗೆ ರೂಮಿಗೆ ತರಲು ಬಿಡುವುದಿಲ್ಲವಂತೆ, ಎಲ್ಲಿ ಕೂತು ತಿನ್ನುವುದು?