ಸ್ಕಿಜೋಫ್ರೀನಿಯಾ ಇರುವವರಿಗೆ ಕಂಪ್ಯೂಟರ್ ಮೂಲಕ ಕೊಡುವ ಕಾಗ್ನಿಟಿವ್ (ಗಮನ, ನೆನಪು, ಯೋಚನೆಗೆ ಸಂಬಂಧಿಸಿದ) ತರಬೇತಿಯಿಂದ ಪ್ರಯೋಜನವಿದೆಯೇ?

ಪ್ರಶ್ನೆ (ಒಬ್ಬ ಅಕ್ಕ, ದಾವಣಗೆರೆ)

ನನ್ನ ತಮ್ಮನಿಗೆ ಈಗ 34 ವರ್ಷ. ಕಾಲೇಜಿನಲ್ಲಿದ್ದಾಗಲೇ ಸ್ಕಿಜೋಫ್ರೀನಿಯಾ ಕಾಣಿಸಿಕೊಂಡಿತು. ಮಾತ್ರೆಗಳನ್ನು ತಪ್ಪದೆ ತೆಗೆದುಕೊಳ್ಳುತ್ತಿರುವುದರಿಂದ ಕಿವಿಯಲ್ಲಿ ಧ್ವನಿ ಕೇಳುವುದು, ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬ ಅನುಮಾನ ಬಹುಮಟ್ಟಿಗೆ ನಿಂತಿವೆ. ಆದರೆ ಅಂಗಡಿಗೆ ಹೋದರೆ ಹೇಳಿದ ನಾಲ್ಕು ಸಾಮಾನುಗಳಲ್ಲಿ ಎರಡನ್ನು ಮರೆತು ಬರುತ್ತಾನೆ, ಪತ್ರಿಕೆಯ ಒಂದೇ ಪ್ಯಾರಾವನ್ನು ಮತ್ತೆ ಮತ್ತೆ ಓದುತ್ತಾನೆ, ಮನೆಯಲ್ಲಿ ಇಬ್ಬರು ಒಟ್ಟಿಗೆ ಮಾತನಾಡಿದರೆ ಎದ್ದು ಒಳಗೆ ಹೋಗಿಬಿಡುತ್ತಾನೆ. ನೆಂಟರು ಇದನ್ನು ಸೋಮಾರಿತನ ಎನ್ನುತ್ತಾರೆ. ಒಂದು ಖಾಸಗಿ ಕೇಂದ್ರದವರು ಕಂಪ್ಯೂಟರಿನಲ್ಲಿ ಮೆದುಳಿಗೆ ವ್ಯಾಯಾಮ ಮಾಡಿಸುತ್ತೇವೆ, ನೆನಪಿನ ಶಕ್ತಿ ಮೊದಲಿನಂತಾಗುತ್ತದೆ ಎಂದು ಹೇಳಿ, ಪೂರ್ತಿ ಹಣವನ್ನು ಮುಂಗಡವಾಗಿ ಕೇಳುತ್ತಿದ್ದಾರೆ. ಇದನ್ನು ನಂಬಬಹುದೇ? ಮೊಬೈಲಿನಲ್ಲಿ ಸಿಗುವ ಆಟಗಳನ್ನು ಆಡಿಸಿದರೆ ಸಾಲದೇ?

ಉತ್ತರ 1 (ಕ್ಲಿನಿಕಲ್ ಸೈಕಾಲಜಿಸ್ಟ್, ಪುನರ್ವಸತಿ ವಿಭಾಗ)

ಮೇಡಂ, ನೆಂಟರ ಮಾತಿಗೆ ಮೊದಲು ಉತ್ತರಿಸುತ್ತೇನೆ: ಇದು ಸೋಮಾರಿತನ ಖಂಡಿತ ಅಲ್ಲ. ಗಮನ, ನೆನಪು, ಯೋಚನೆಯ ವೇಗ, ಕೆಲಸವನ್ನು ಯೋಜಿಸುವ ಶಕ್ತಿ ಕುಗ್ಗುವುದು ಈ ಕಾಯಿಲೆಯದೇ ಭಾಗ, ಮತ್ತು ಅನೇಕರಲ್ಲಿ ಧ್ವನಿಗಳು ಕೇಳಿಸತೊಡಗುವ ಮೊದಲೇ ಇದು ಶುರುವಾಗಿರುತ್ತದೆ. ಭ್ರಮೆಗಳನ್ನು ಹತೋಟಿಗೆ ತರುವ ಔಷಧಿಗಳಿಂದ ಈ ತೊಂದರೆ ಅಷ್ಟಾಗಿ ಸುಧಾರಿಸುವುದಿಲ್ಲ. ಕೈನಡುಕಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್‌ನಂತಹ ಮಾತ್ರೆಯಂತೂ ನೆನಪನ್ನು ಇನ್ನಷ್ಟು ಮಂಕಾಗಿಸಬಲ್ಲದು. ತಮ್ಮನ ಚೀಟಿಯಲ್ಲಿ ಅದಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಮನೋವೈದ್ಯರಲ್ಲಿ ವಿಚಾರಿಸಿ. ತರಬೇತಿಗೆ ಹಣ ಕಟ್ಟುವ ಮುನ್ನ ಆಗಬೇಕಾದ ಕೆಲಸವಿದು.

ಇನ್ನು ತರಬೇತಿಯ ವಿಚಾರ. ಇದಕ್ಕೆ ಆಧಾರವಿದೆ. 2021ರಲ್ಲಿ ಜಾಮಾ ಸೈಕಿಯಾಟ್ರಿ ಎಂಬ ವೈದ್ಯಕೀಯ ಸಂಶೋಧನಾ ಪತ್ರಿಕೆಯಲ್ಲಿ 130 ಪ್ರಯೋಗಗಳನ್ನು, ಅಂದರೆ ಸುಮಾರು 8,850 ಜನರ ಫಲಿತಾಂಶಗಳನ್ನು, ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆ ಪ್ರಕಟವಾಯಿತು. ಗಮನ ಮತ್ತು ನೆನಪಿನಲ್ಲಿಯೂ ದಿನನಿತ್ಯದ ಬದುಕಿನಲ್ಲಿಯೂ ಸುಧಾರಣೆ ಕಂಡುಬಂದಿತ್ತು. ಅದರ ಪ್ರಮಾಣ ದೊಡ್ಡದೇನಲ್ಲ. ತರಬೇತಿ ಪಡೆದ ಚಿಕಿತ್ಸಕರು ಜೊತೆಗಿದ್ದು, ನೆನಪಿಡುವ ಉಪಾಯಗಳನ್ನು ಕಲಿಸಿ, ಅದನ್ನು ಉದ್ಯೋಗ ಅಥವಾ ಸಾಮಾಜಿಕ ಕೌಶಲದ ಪುನರ್ವಸತಿಯೊಂದಿಗೆ ಬೆಸೆದ ಕಡೆಗಳಲ್ಲಿ ಲಾಭ ಹೆಚ್ಚಾಗಿತ್ತು. ಆದ್ದರಿಂದ ಆ ಕೇಂದ್ರದವರನ್ನು ಯಾವ ಸಾಫ್ಟ್‌ವೇರ್ ಎಂದು ಕೇಳುವುದಕ್ಕಿಂತ, ತಮ್ಮನ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂದು ಕೇಳಿ.

ಒಂದು ಉದಾಹರಣೆ ಹೇಳುತ್ತೇನೆ. ಪರದೆಯ ಮೇಲೆ ದಿನಸಿಯ ಪಟ್ಟಿ ಕ್ಷಣಕಾಲ ಬಂದು ಮರೆಯಾಗುತ್ತದೆ, ಅನಂತರ ಅಂಗಡಿಯ ಚಿತ್ರದಲ್ಲಿ ಅವೇ ಸಾಮಾನುಗಳನ್ನು ಆರಿಸಬೇಕು. ಶುರು ಮಾಡುವ ಮೊದಲೇ ನಾವು ತಡೆದು, "ಇದನ್ನು ಹೇಗೆ ನೆನಪಿಟ್ಟುಕೊಳ್ಳುತ್ತೀರಿ?" ಎಂದು ಕೇಳುತ್ತೇವೆ. ಒಬ್ಬರು ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ. ಇನ್ನೊಬ್ಬರು ಬೇಳೆಕಾಳು ಒಂದು ಕಡೆ, ಸೋಪು ಪೇಸ್ಟು ಇನ್ನೊಂದು ಕಡೆ ಎಂದು ಮನಸ್ಸಿನಲ್ಲೇ ವಿಂಗಡಿಸುತ್ತಾರೆ. ಬಹುತೇಕ ಉತ್ತರಗಳು ಸರಿಯಾಗುವ ಮಟ್ಟದಲ್ಲೇ ಕಷ್ಟವನ್ನು ಇರಿಸಿ, ಮೆಲ್ಲಗೆ ಏರಿಸುತ್ತೇವೆ. ಅದೇ ಉಪಾಯವನ್ನು ಆ ವಾರವೇ ನಿಜವಾದ ಅಂಗಡಿಯಲ್ಲಿ ಬಳಸಬೇಕು. ಮೊಬೈಲ್ ಆಟದಲ್ಲಿ ಈ ಕೊನೆಯ ಹೆಜ್ಜೆಯೇ ಇರುವುದಿಲ್ಲವಾದ್ದರಿಂದ, ಆಡುವವರು ಬಹಳಷ್ಟು ಸಲ ಆ ಆಟದಲ್ಲಿ ಮಾತ್ರ ಪಳಗುತ್ತಾರೆ. ಲುಮಾಸಿಟಿ ಎಂಬ ಪ್ರಸಿದ್ಧ ಆಟಗಳ ಕಂಪನಿಯು ಆಧಾರವಿಲ್ಲದ ಜಾಹೀರಾತು ನೀಡಿತೆಂಬ ಆರೋಪದ ಮೇಲೆ 2016ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ಗೆ 20 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು. "ಮೊದಲಿನಂತಾಗುತ್ತದೆ" ಎಂಬ ಭರವಸೆಯನ್ನು ಯಾರು ಕೊಟ್ಟರೂ ನಂಬಬೇಡಿ.

ಉತ್ತರ 2 (ಒಬ್ಬ ತಂದೆ, ಹುಬ್ಬಳ್ಳಿ)

ನನ್ನ ಮಗಳು ಇಂತಹ ತರಬೇತಿ ಪಡೆದಿದ್ದಾಳೆ. ಮೊದಮೊದಲು ಸ್ಕೋರ್ ಏರುತ್ತಿತ್ತು, ಮನೆಯಲ್ಲಿ ಮಾತ್ರ ಯಾವ ಬದಲಾವಣೆಯೂ ಕಾಣಲಿಲ್ಲ. ಅಡುಗೆಯನ್ನೇ ಅಭ್ಯಾಸವಾಗಿ ಇಟ್ಟುಕೊಳ್ಳುವಂತೆ ಚಿಕಿತ್ಸಕಿ ಹೇಳಿದ ಮೇಲೆ ಫಲ ಸಿಗತೊಡಗಿತು. ಉಪ್ಪಿಟ್ಟಿನ ಹಂತಗಳನ್ನು ಅವಳೇ ಬರೆದು ಒಲೆಯ ಮೇಲಿನ ಗೋಡೆಗೆ ಅಂಟಿಸಿದಳು, ರವೆ ಹುರಿಯುವಾಗ ಟಿವಿ ಆರಿಸುವ ರೂಢಿ ಮಾಡಿಕೊಂಡಳು, ಕ್ರಮೇಣ ಚೀಟಿಯ ಕಡೆ ನೋಡುವುದನ್ನೇ ಬಿಟ್ಟಳು. ದಯವಿಟ್ಟು ಹಿಂದೆ ನಿಂತು ಆತುರಪಡಿಸಬೇಡಿ, ಸ್ಕೋರನ್ನು ನೆಂಟರೆದುರು ಹೇಳಬೇಡಿ. ಮಾತ್ರೆ ನಿಲ್ಲಿಸಿದರೆ ಇದೆಲ್ಲವೂ ನೀರಿನಲ್ಲಿ ಹೋಮ ಮಾಡಿದಂತೆ ಎಂಬುದೂ ನೆನಪಿರಲಿ.

ಉತ್ತರ 3 (ಇದೇ ಕಾಯಿಲೆಯೊಂದಿಗೆ ಬದುಕುತ್ತಿರುವವನು)

ಅಕ್ಕ, ಒಂದು ಮಾತನ್ನು ಕೇಳಬೇಕೆನಿಸುತ್ತದೆ. ನಿಮ್ಮ ತಮ್ಮನಿಗೆ ಏನು ಬೇಕಾಗಿದೆ? ಮಕ್ಕಳ ಆಟದಂತೆ ಕಾಣುವ ಬಣ್ಣದ ಚೌಕಗಳ ಮುಂದೆ, ಯಾವ ಉದ್ದೇಶಕ್ಕೆ ಎಂದು ತಿಳಿಯದೆ ಕೂರುವುದು ನಮ್ಮಂಥವರಿಗೆ ಅವಮಾನವೆನಿಸುತ್ತದೆ. ನನಗೆ ಬಸ್ ಬದಲಿಸಿ ಒಬ್ಬನೇ ಊರಿಗೆ ಹೋಗಬೇಕಿತ್ತು. ಅದಕ್ಕಾಗಿ ಎಂದು ಗೊತ್ತಿದ್ದುದರಿಂದಲೇ ಕೊನೆಯವರೆಗೂ ಹೋದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಅವನನ್ನೇ ಕೇಳಿದೆ. ಗೆಳೆಯನ ಜೆರಾಕ್ಸ್ ಅಂಗಡಿಯಲ್ಲಿ ಕೂರಬೇಕೆಂಬ ಆಸೆ ಅವನಿಗಿದೆಯಂತೆ, ನಮಗೆ ಗೊತ್ತೇ ಇರಲಿಲ್ಲ. ಇದಕ್ಕೆ ತರಬೇತಿಯನ್ನು ಹೊಂದಿಸಲು ಸಾಧ್ಯವೇ?

ಉತ್ತರ 1ರ ಲೇಖಕಿ

ಸಾಧ್ಯವಿದೆ, ಮತ್ತು ಇದಕ್ಕಿಂತ ಒಳ್ಳೆಯ ಆರಂಭ ಬೇಕಿಲ್ಲ. ಮೊದಲು ಗಮನ ಮತ್ತು ನೆನಪಿನ ಪರೀಕ್ಷೆ ಮಾಡಿಸಿ, ಅವನಿಗೆ ಎಲ್ಲಿ ತೊಡಕಾಗುತ್ತಿದೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ವಾರಕ್ಕೆ ಎರಡು ಮೂರು ಬಾರಿಯಂತೆ ಕೆಲವು ತಿಂಗಳು ನಡೆಯುವ ತರಬೇತಿಯಾದ್ದರಿಂದ, ಹಣವನ್ನು ತಿಂಗಳು ತಿಂಗಳಾಗಿ ಕಟ್ಟುವುದಾಗಿ ಹೇಳಿ. ಒಪ್ಪದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ಬೇರೆ ದಾರಿ ವಿಚಾರಿಸಿ. ಅಂಗಡಿಯಲ್ಲಿ ಮೊದಲು ಗಿರಾಕಿಗಳು ಕಡಿಮೆ ಇರುವ ಹೊತ್ತಿನಲ್ಲಿ ಸ್ವಲ್ಪ ಕಾಲ ಮಾತ್ರ ಕೂರಲಿ. ಎಷ್ಟು ಪ್ರತಿ, ಒಂದು ಬದಿಯೋ ಎರಡು ಬದಿಯೋ ಎಂಬುದನ್ನು ಗಿರಾಕಿಗೆ ತಿರುಗಿ ಹೇಳಿ ಖಚಿತಪಡಿಸಿಕೊಂಡು, ಚೀಟಿಯಲ್ಲಿ ಬರೆದ ಮೇಲೆಯೇ ಯಂತ್ರದ ಗುಂಡಿ ಒತ್ತುವ ಕ್ರಮವನ್ನು ಗೆಳೆಯನೂ ಜೊತೆಯಲ್ಲಿ ಪಾಲಿಸಲಿ.