ಅಪ್‌ಡೇಟ್: ಬಾಲ್ಕನಿ ಕುಂಡದಲ್ಲಿ ವರ್ಷಪೂರ್ತಿ ಈರುಳ್ಳಿ ಸೊಪ್ಪು

ಜಯನಗರದ ನಮ್ಮ ಬಾಲ್ಕನಿಯಲ್ಲಿ ಈರುಳ್ಳಿ ಸೊಪ್ಪು ವರ್ಷವಿಡೀ ಸಿಗೋ ಹಾಗೆ ಬೆಳೆಯಬಹುದಾ ಅಂತ ಕೇಳಿದ್ದೆನಲ್ಲ, ಈಗ ಸಿಗುತ್ತಿದೆ! "ಎಲ್ಲ ಬೀಜ ಒಟ್ಟಿಗೆ ಬಿತ್ತಬೇಡಿ, ಮೂರು ವಾರಕ್ಕೊಂದು ಕುಂಡ ಬಿತ್ತಿ" ಅಂದವರಿಗೆ ತುಂಬಾ ಥ್ಯಾಂಕ್ಸ್. ಒಂದು ಕುಂಡ ಖಾಲಿಯಾಗುವಷ್ಟರಲ್ಲಿ ಇನ್ನೊಂದು ರೆಡಿ ಇರುತ್ತದೆ.

ಬೇರು ಆಳಕ್ಕೆ ಹೋಗುವುದಿಲ್ಲ, 15 ಸೆಂ.ಮೀ. ಆಳದ ಕುಂಡ ಸಾಕು. ಬೀಜದ ಮೇಲೆ ಒಂದು ಸೆಂ.ಮೀ. ಮಣ್ಣು. ಬಿತ್ತಿ ಎರಡು-ಎರಡೂವರೆ ತಿಂಗಳಿಗೆ ಕೊಯ್ಯಬಹುದು. ಬೀಜ ಮಾತ್ರ ಹೊಸದೇ ತನ್ನಿ. ಈರುಳ್ಳಿ ಬೀಜ ಒಂದು ವರ್ಷ ದಾಟಿದರೆ ಸರಿಯಾಗಿ ಮೊಳೆಯುವುದಿಲ್ಲ.

ಅಷ್ಟು ದಿನ ಕಾಯಲು ಆಗದವರು ಸಾಂಬಾರ್ ಈರುಳ್ಳಿ ನೆಡಿ. ಗಡ್ಡೆಯಲ್ಲೇ ಆಹಾರ ಇರುತ್ತದಲ್ವಾ, ಬೇಗ ಚಿಗುರುತ್ತದೆ. ಬುಡದಲ್ಲಿ ಎರಡು ಬೆರಳಷ್ಟು ಬಿಟ್ಟು ಕತ್ತರಿಸಿದರೆ ಮತ್ತೆ ಬರುತ್ತದೆ. ನನಗಂತೂ ಇದೇ ಜಾಸ್ತಿ ಇಷ್ಟ.

ನಮ್ಮೂರಿನ ಹವೆ ಇದಕ್ಕೆ ಚೆನ್ನಾಗಿಯೇ ಇದೆ. ಮಳೆಗಾಲದಲ್ಲಿ ಎಳೆ ಸಸಿ ಕೊಳೆಯದಂತೆ ಕುಂಡವನ್ನು ಸೂರಿನಡಿಗೆ ಸರಿಸಿ, ತಳದ ತೂತು ಕಟ್ಟಿಕೊಂಡಿದೆಯಾ ನೋಡಿ. ಮಾರ್ಚ್-ಏಪ್ರಿಲ್‌ನಲ್ಲಿ ಎಲೆ ಮೇಲೆ ಬೆಳ್ಳಗೆ ಗೀರು ಕಂಡರೆ ಅದು ಥ್ರಿಪ್ಸ್ ಅನ್ನೋ ರಸ ಹೀರುವ ಸಣ್ಣ ಹುಳದ ಕಾಟ. ನೀರನ್ನು ಜೋರಾಗಿ ಸಿಂಪಡಿಸಿ, ಆಮೇಲೆ ಬೇವಿನೆಣ್ಣೆ ಹೊಡೆಯಿರಿ.

ಮುಂದಿನ ಸಲ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಕಲ್ಯಾಣ್ ಅನ್ನೋ ಈರುಳ್ಳಿ ತಳಿ ಬಿತ್ತಬೇಕು ಅಂತಿದ್ದೇನೆ. ಅದನ್ನು ಸೊಪ್ಪಿಗೆ ಬೆಳೆದವರಿದ್ದರೆ ಹೇಳಿ.